ಓದುಗರ ಪ್ರಶ್ನೋತ್ತರ: ಕೆಲಸಕ್ಕೆ ಜನ ಆರಿಸುವಾಗ ಸಂದರ್ಶನ ಹೇಗಿರಬೇಕು?

ಕೆಲಸಕ್ಕೆ ಜನ ತೆಗೆದುಕೊಳ್ಳುವ ವಿಚಾರದಲ್ಲಿ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸರಗೋಡು ಜಿಲ್ಲೆಯವು. ಒಂದು ಹೊಸೂರಿನಿಂದ, ಇನ್ನೊಂದು ಅಕ್ಕಲಕೋಟೆಯಿಂದ, ಮತ್ತೊಂದು ದುಬೈಯಿಂದ ಬಂದಿದೆ. ಬರೆದವರೆಲ್ಲ ಅಂಗಡಿ, ಶಾಲೆ, ಲಾಡ್ಜ್, ಸಣ್ಣ ಕಾರ್ಖಾನೆ ನೋಡಿಕೊಳ್ಳುವವರು. ಇವರಲ್ಲಿ ಎಚ್‌ಆರ್, ಅಂದರೆ ಸಿಬ್ಬಂದಿಯ ನೇಮಕ ನೋಡಿಕೊಳ್ಳುವ, ವಿಭಾಗವಿಲ್ಲ. ಐದಾರು ಜನರ ಜಾಗದಲ್ಲಿ ಒಬ್ಬರ ಆಯ್ಕೆ ತಪ್ಪಿದರೆ ಅದರ ಪೆಟ್ಟು ಎಲ್ಲರಿಗೂ ತಾಗುತ್ತದೆ. ಹಾಗಾಗಿ ನಾಳೆಯೇ ಮಾಡಿ ನೋಡಬಹುದಾದಷ್ಟು ವಿವರವಾಗಿ ಉತ್ತರಿಸಿದ್ದೇವೆ.

ಪ್ರಶ್ನೆ: ಅಡಿಕೆ, ಕಾಳುಮೆಣಸು ಖರೀದಿಯ ಅಂಗಡಿ ನಮ್ಮದು. ತೂಕ ಹಾಕಿ, ಅಡಿಕೆಯ ದರ್ಜೆ ನೋಡಿ, ಬಿಲ್ ಬರೆಯುವುದಕ್ಕೆ ಒಬ್ಬರು ಬೇಕು. ಹಿಂದಿನ ಎರಡು ಸಲವೂ ಮಾತಿನಲ್ಲಿ ಚುರುಕಾಗಿದ್ದ ಹುಡುಗರನ್ನೇ ತೆಗೆದುಕೊಂಡೆವು. ಲೆಕ್ಕದಲ್ಲಿ ತಪ್ಪು, ಗಿರಾಕಿಗಳ ಹತ್ತಿರ ಜಗಳ. ಅರ್ಧ ಗಂಟೆ ಕೂರಿಸಿ ಮಾತಾಡಿಸುವುದು ಬಿಟ್ಟು ಬೇರೆ ಕ್ರಮ ಇದೆಯೇ?
(ಅಂಗಡಿ ಮಾಲಿಕರು, ಬದಿಯಡ್ಕ)

ಉತ್ತರ: ಇದೆ, ಮತ್ತು ನಿಮ್ಮ ಅಂಗಡಿಗೆ ಅದು ತುಂಬ ಸುಲಭ. ಕೂರಿಸಿ ಮಾತಾಡಿಸಿದರೆ ಹುಡುಗ ಮಾತಾಡುವುದರಲ್ಲಿ ಹೇಗೆ ಎಂಬುದಷ್ಟೇ ಗೊತ್ತಾಗುತ್ತದೆ. ನಿಮಗೆ ಬೇಕಾದದ್ದು ತೂಕ, ದರ್ಜೆ, ಲೆಕ್ಕ, ತಾಳ್ಮೆ. ಈ ನಾಲ್ಕರಲ್ಲಿ ಮೂರನ್ನು ಅಲ್ಲೇ ಮಾಡಿಸಿ ನೋಡಬಹುದು.

ಮೊದಲ ಕೆಲಸ ಕಾಗದದ ಮೇಲೆ. ಹಿಂದಿನ ಆರು ತಿಂಗಳಲ್ಲಿ ಆ ಕೌಂಟರಿನಲ್ಲಿ ಏನೇನು ಎಡವಟ್ಟಾಯಿತು, ಯಾವುದನ್ನು ಯಾರು ಚೆನ್ನಾಗಿ ನಿಭಾಯಿಸಿದರು ಎಂದು ನೀವು, ನಿಮ್ಮ ಹಳೆಯ ಕೆಲಸದವರು ಕೂತು ಎಂಟು ಹತ್ತು ಘಟನೆ ಬರೆಯಿರಿ. ಗೋಣಿಯ ತೂಕ ಕಳೆಯಲು ಮರೆತದ್ದು, ಒಳಗೆ ಹಸಿ ಇದ್ದ ಅಡಿಕೆಯನ್ನು ಒಡೆದು ನೋಡದೆ ಒಳ್ಳೆಯ ದರ ಕೊಟ್ಟದ್ದು, ಮುಂಗಡ ತೆಗೆದುಕೊಂಡವರಿಗೆ ಪೂರ್ತಿ ದುಡ್ಡು ಕೊಟ್ಟು ಕಳುಹಿಸಿದ್ದು, ಹೀಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ಈ ವಿಧಾನವನ್ನು ವಿವರಿಸಿ ಪ್ರಕಟಿಸಿದರು. ಕೆಲಸ ಕೆಟ್ಟದ್ದು ಎಲ್ಲಿ, ಕೂಡಿಬಂದದ್ದು ಎಲ್ಲಿ ಎಂದು ಘಟನೆಗಳಿಂದಲೇ ತಿಳಿಯಬೇಕು ಎಂಬುದು ಅದರ ತಿರುಳು. ನೀವು ಕೇಳಬೇಕಾದ ಪ್ರಶ್ನೆ, ಮಾಡಿಸಬೇಕಾದ ಪರೀಕ್ಷೆ ಎರಡೂ ಆ ಪಟ್ಟಿಯಲ್ಲೇ ಸಿಗುತ್ತವೆ.

ಇನ್ನು ಪರೀಕ್ಷೆ. ಒಂದು ತಟ್ಟೆಯಲ್ಲಿ ಎರಡು ಕಿಲೋ ಅಡಿಕೆ ಹಾಕಿ. ಒಳ್ಳೆಯ ಚಾಲಿ, ಪಟೋರ, ಉಳ್ಳಿಗಡ್ಡೆ, ಕೋಕಾ, ಕರಿಗೋಟು ಹೀಗೆ ಎಲ್ಲ ದರ್ಜೆಯವೂ ಬೆರೆತಿರಲಿ, ಸರಿಯಾಗಿ ಒಣಗದ ಹತ್ತು ಅಡಿಕೆಯನ್ನೂ ಸೇರಿಸಿ. ಇಪ್ಪತ್ತು ನಿಮಿಷದಲ್ಲಿ ಬೇರ್ಪಡಿಸಲು ಹೇಳಿ. ಎಷ್ಟು ಬೇಗ ಮುಗಿಯಿತು ಎಂಬುದಕ್ಕಿಂತ, ಸಂಶಯ ಬಂದ ಅಡಿಕೆಯನ್ನು ಒಡೆದು ನೋಡುತ್ತಾರೋ, ಗೊತ್ತಾಗದ್ದನ್ನು ಬದಿಗಿಟ್ಟು ಕೇಳುತ್ತಾರೋ, ಅಂದಾಜಿನಲ್ಲಿ ಯಾವುದೋ ರಾಶಿಗೆ ತಳ್ಳುತ್ತಾರೋ ಎಂಬುದನ್ನು ನೋಡಿ. ತೋಟದ ಮನೆಯವರಲ್ಲದ ಹುಡುಗರಿಗೆ ದರ್ಜೆಯ ಹೆಸರು ಗೊತ್ತಿರಲಿಕ್ಕಿಲ್ಲ. ಅಂಥವರಿಗೆ ಪ್ರತಿ ದರ್ಜೆಯ ಐದೈದು ಅಡಿಕೆಯನ್ನು ಮೊದಲೇ ತೋರಿಸಿ, ಐದು ನಿಮಿಷ ಹೇಳಿಕೊಟ್ಟು, ಆಮೇಲೆ ಪರೀಕ್ಷಿಸಿ. ಹಾಗೆ ಮಾಡುವುದಾದರೆ ಎಲ್ಲರಿಗೂ ಅದೇ ಐದು ನಿಮಿಷ ಕೊಡಬೇಕು. ಕಲಿಯುವ ವೇಗ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಎರಡನೆಯದು ಲೆಕ್ಕ. ಒಂದು ಚೀಟಿಯಲ್ಲಿ ಹೀಗೆ ಬರೆದು ಕೊಡಿ: ಮೂರು ಗೋಣಿ, ತೂಕ 68.4, 71.2, 65.9 ಕಿಲೋ. ಗೋಣಿ ಒಂದಕ್ಕೆ 600 ಗ್ರಾಂ. ದರ ಕಿಲೋಗೆ 400 ರೂಪಾಯಿ ಎಂದಿಟ್ಟುಕೊಳ್ಳಿ. ಮುಂಗಡ 25,000 ಹೋಗಿದೆ. ಬಿಲ್ ಬರೆಯಿರಿ. ಗೋಣಿ ಕಳೆದರೆ ನಿವ್ವಳ 203.7 ಕಿಲೋ, ಮೊತ್ತ 81,480, ಮುಂಗಡ ಕಳೆದು ಕೊಡಬೇಕಾದದ್ದು 56,480 ರೂಪಾಯಿ. ಗೋಣಿ ಮರೆತವರು 720 ರೂಪಾಯಿ ಹೆಚ್ಚು ಕೊಡುತ್ತಾರೆ. ಕ್ಯಾಲ್ಕುಲೇಟರ್ ಕೊಡಿ, ಅಂಗಡಿಯಲ್ಲೂ ಅದು ಇರುತ್ತದಲ್ಲ. ತಪ್ಪಿದವರಿಗೆ ‘ಇನ್ನೊಮ್ಮೆ ನೋಡಿ’ ಎಂದಷ್ಟೇ ಹೇಳಿ. ತಾನಾಗಿ ತಪ್ಪು ಹುಡುಕಿ ತಿದ್ದಿದವರಿಗೆ ಅರ್ಧ ಅಂಕ ಕೊಡಬಹುದು. ‘ಸರಿಯೇ ಇದೆ’ ಎಂದು ವಾದ ಮಾಡಿದವರನ್ನು ದುಡ್ಡಿನ ಕೌಂಟರಿಗೆ ಕೂರಿಸಬೇಡಿ.

ತಾಳ್ಮೆಯನ್ನು ತಟ್ಟೆಯಲ್ಲಿಟ್ಟು ಅಳೆಯಲಾಗದು. ಅಲ್ಲಿ ಪ್ರಶ್ನೆ ಬೇಕು. ‘ನಿಮಗೆ ತಾಳ್ಮೆ ಇದೆಯಾ?’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರೂ ಇಲ್ಲ. ಅದರ ಬದಲು ಒಂದು ಸನ್ನಿವೇಶ ಕೊಡಿ: ‘ತೋಟದವರು ಬಂದು, ಮನೆಯಲ್ಲಿ ತೂಗಿಯೇ ತಂದದ್ದು, ನಿಮ್ಮ ತಕ್ಕಡಿ ಎರಡು ಕಿಲೋ ಕಡಿಮೆ ತೋರಿಸುತ್ತಿದೆ ಎನ್ನುತ್ತಾರೆ. ಹಿಂದೆ ನಾಲ್ಕು ಜನ ನಿಂತಿದ್ದಾರೆ. ಮಾಲಿಕರು ಊಟಕ್ಕೆ ಹೋಗಿದ್ದಾರೆ. ನೀವೇನು ಮಾಡುತ್ತೀರಿ?’ ಯಾವ ಉತ್ತರಕ್ಕೆ ಎಷ್ಟು ಅಂಕ ಎಂದು ಮೊದಲೇ ಬರೆದಿಟ್ಟುಕೊಳ್ಳಿ. ‘ನಮ್ಮ ತಕ್ಕಡಿ ಸರಿ ಇದೆ, ಬೇಕಾದರೆ ಬೇರೆ ಕಡೆ ಕೊಡಿ ಅನ್ನುತ್ತೇನೆ’ ಎಂದರೆ 1. ‘ಮತ್ತೊಮ್ಮೆ ತೂಗುತ್ತೇನೆ’ ಎಂದರೆ 3. ‘ತಕ್ಕಡಿ ಖಾಲಿ ಮಾಡಿ ಸೊನ್ನೆ ತೋರಿಸಿ, ತೂಕದ ಕಲ್ಲು ಇಟ್ಟು ಅವರ ಕಣ್ಣೆದುರೇ ಪರೀಕ್ಷಿಸಿ, ಮತ್ತೆ ತೂಗಿ, ಆಗಲೂ ಒಪ್ಪದಿದ್ದರೆ ಗೋಣಿ ಬೇರೆ ಇಟ್ಟು ನಿಮಗೆ ಫೋನ್ ಮಾಡಿ, ಉಳಿದವರನ್ನು ಮುಂದೆ ಬಿಡುತ್ತೇನೆ’ ಎಂದರೆ 5. ಇಂಥ ಐದಾರು ಪ್ರಶ್ನೆ ಸಾಕು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ನೀವು ಮತ್ತು ಇನ್ನೊಬ್ಬರು ಕೂತು, ಪ್ರತಿ ಉತ್ತರ ಮುಗಿದ ಕೂಡಲೇ ಅಂಕ ಬೇರೆ ಬೇರೆ ಬರೆಯಬೇಕು. ಹುಡುಗ ಹೊರಗೆ ಹೋದ ಮೇಲೂ ಇಬ್ಬರೂ ಅಂಕದ ಚೀಟಿ ಬರೆದು ಮುಗಿಸುವ ತನಕ ಪರಸ್ಪರ ಮಾತಾಡಬಾರದು.

ಇಷ್ಟೆಲ್ಲ ಬೇಕೇ ಎಂದು ನಿಮಗೆ ಅನ್ನಿಸಬಹುದು. 2022ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳ ಲೆಕ್ಕವನ್ನೆಲ್ಲ ಮರುಪರಿಶೀಲಿಸಿ ಪ್ರಕಟಿಸಿದರು. ಆಯ್ಕೆಯ ವಿಧಾನಕ್ಕೂ ಮುಂದೆ ಕೆಲಸ ಹೇಗಾಯಿತು ಎಂಬುದಕ್ಕೂ ಇರುವ ನಂಟನ್ನು ಸೊನ್ನೆಯಿಂದ ಒಂದರ ಅಳತೆಯಲ್ಲಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ನಂಟು ಗಟ್ಟಿ. ತೋಚಿದ್ದನ್ನು ಕೇಳುತ್ತ ಹೋಗುವ ಸಂದರ್ಶನಕ್ಕೆ ಸಿಕ್ಕಿದ್ದು 0.19. ಪ್ರಶ್ನೆ, ಅಂಕ ಎರಡನ್ನೂ ಮೊದಲೇ ಗೊತ್ತುಮಾಡಿದ ಸಂದರ್ಶನಕ್ಕೆ 0.42. ಕೆಲಸದ ತಿಳಿವಳಿಕೆಯ ಪರೀಕ್ಷೆಗೆ 0.40, ಕೆಲಸವನ್ನೇ ಮಾಡಿಸಿ ನೋಡುವುದಕ್ಕೆ 0.33. ಅದೇ ಜನ, ಅದೇ ಅರ್ಧ ಗಂಟೆ. ಕ್ರಮ ಬದಲಿಸಿದ್ದಕ್ಕೇ ಇಷ್ಟು ವ್ಯತ್ಯಾಸ. ಆದರೆ ಯಾವುದೂ ಒಂದರ ಹತ್ತಿರಕ್ಕೂ ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ಸಂದರ್ಶನ ಎಷ್ಟೇ ಚೆನ್ನಾಗಿ ಮಾಡಿದರೂ ಮೂರು ತಿಂಗಳ ಪರೀಕ್ಷಾ ಅವಧಿಯನ್ನು ಬರವಣಿಗೆಯಲ್ಲಿ ಹೇಳಿಯೇ ತೆಗೆದುಕೊಳ್ಳಿ.

ಪ್ರಶ್ನೆ: ನಮ್ಮ ಖಾಸಗಿ ಶಾಲೆಗೆ ಐದನೇ ತರಗತಿಗೆ ಗಣಿತದ ಟೀಚರ್ ಬೇಕು. ಆಡಳಿತ ಮಂಡಳಿಯ ಐವರೂ ಸಂದರ್ಶನಕ್ಕೆ ಕೂರುತ್ತಾರೆ. ಅಭ್ಯರ್ಥಿಗಳು ಹೆದರಿ ಬಿಡುತ್ತಾರೆ, ನಮಗೂ ಒಮ್ಮತ ಬರುವುದಿಲ್ಲ. ಡೆಮೊ ಕ್ಲಾಸ್ ಒಂದೇ ಸಾಕಾಗುತ್ತದೆಯೇ?
(ಶಾಲೆಯ ಕಾರ್ಯದರ್ಶಿ, ಮಂಜೇಶ್ವರ)

ಉತ್ತರ: ಐವರು ಬೇಡ, ಮೂವರು ಸಾಕು: ಮುಖ್ಯೋಪಾಧ್ಯಾಯರು, ಗಣಿತ ಬಲ್ಲ ಒಬ್ಬರು ಶಿಕ್ಷಕರು, ಮಂಡಳಿಯಿಂದ ಒಬ್ಬರು. ಐವರು ಕೂತಾಗ ಏನಾಗುತ್ತದೆಂದರೆ, ಒಬ್ಬೊಬ್ಬರೂ ತಮಗೆ ತೋಚಿದ ಒಂದು ಪ್ರಶ್ನೆ ಕೇಳುತ್ತಾರೆ, ಯಾವ ವಿಷಯವೂ ಆಳಕ್ಕೆ ಹೋಗುವುದಿಲ್ಲ. ಕೊನೆಗೆ ಅಧ್ಯಕ್ಷರು ಮೊದಲು ಅಭಿಪ್ರಾಯ ಹೇಳಿದರೆ ಉಳಿದವರು ಅತ್ತಲೇ ವಾಲುತ್ತಾರೆ. ಮೂವರಲ್ಲಿ ಒಬ್ಬರು ಕೇಳಲಿ, ಇಬ್ಬರು ಬರೆದುಕೊಳ್ಳಲಿ. ಚರ್ಚೆ ಶುರು ಮಾಡುವಾಗ ವಯಸ್ಸಿನಲ್ಲಿ, ಹುದ್ದೆಯಲ್ಲಿ ಕಿರಿಯರಾದವರೇ ಮೊದಲು ತಮ್ಮ ಅಂಕ ಹೇಳಬೇಕು. ಅಧ್ಯಕ್ಷರದ್ದು ಕೊನೆಗೆ.

ಡೆಮೊ ಕ್ಲಾಸ್ ಇರಲೇಬೇಕು, ಆದರೆ ಈಗ ಹೆಚ್ಚಿನ ಕಡೆ ನಡೆಯುವ ಹಾಗಲ್ಲ. ಖಾಲಿ ಕೋಣೆಯಲ್ಲಿ ಮಂಡಳಿಯವರನ್ನೇ ಮಕ್ಕಳೆಂದು ಭಾವಿಸಿ ಪಾಠ ಮಾಡಿಸಿದರೆ ಸಿಗುವುದು ಭಾಷಣ. ನಿಜವಾದ ಮಕ್ಕಳು, ಹದಿನೈದು ಇಪ್ಪತ್ತು ಜನ ಇರಲಿ. ಅವರು ಇನ್ನೂ ಕಲಿಯದ ವಿಷಯವಾಗಿರಲಿ. ವಿಷಯವನ್ನು ಎಲ್ಲ ಅಭ್ಯರ್ಥಿಗಳಿಗೂ ಎರಡು ದಿನ ಮೊದಲೇ ತಿಳಿಸಿ. ಸಮಯ ಇಪ್ಪತ್ತು ನಿಮಿಷ. ಮೂರು ಜನ ಅಭ್ಯರ್ಥಿಗಳಿದ್ದರೆ ಬೇರೆ ಬೇರೆ ಗುಂಪು ಮಕ್ಕಳು ಬೇಕು. ಅದೇ ಮಕ್ಕಳಿಗೆ ಅದೇ ಪಾಠ ಮೂರು ಸಲ ಆದರೆ, ಮೂರನೆಯವರ ಕ್ಲಾಸಿನಲ್ಲಿ ಎಲ್ಲರೂ ಕೈಯೆತ್ತುತ್ತಾರೆ, ಪಾಪ ಮೊದಲನೆಯವರಿಗೆ ಅನ್ಯಾಯ.

ಭಿನ್ನರಾಶಿಯನ್ನು ಕೊಡಿ ಎಂಬುದು ನಮ್ಮ ಸಲಹೆ. ಮೂರನೇ ಒಂದು ದೊಡ್ಡದೋ ಐದನೇ ಒಂದು ದೊಡ್ಡದೋ ಎಂದರೆ ಮಕ್ಕಳು ‘ಐದು ದೊಡ್ಡದು, ಹಾಗಾಗಿ ಐದನೇ ಒಂದು’ ಎನ್ನುವುದು ಬಹಳ ಸಾಮಾನ್ಯ. ಆ ತಪ್ಪು ಉತ್ತರ ಬಂದಾಗ ಟೀಚರ್ ಏನು ಮಾಡುತ್ತಾರೆ ಎಂಬಲ್ಲೇ ನಿಮ್ಮ ಇಡೀ ಸಂದರ್ಶನ ಇದೆ. ‘ತಪ್ಪು, ಕೂತ್ಕೋ’ ಎಂದು ಮುಂದಿನ ಮಗುವಿನತ್ತ ತಿರುಗುವವರಿದ್ದಾರೆ. ಸರಿಯುತ್ತರವನ್ನು ತಾವೇ ಹೇಳಿ ಬಿಡುವವರಿದ್ದಾರೆ. ಒಂದು ಕಾಗದದ ಪಟ್ಟಿಯನ್ನು ಮೂರಾಗಿ, ಅಷ್ಟೇ ಉದ್ದದ ಇನ್ನೊಂದನ್ನು ಐದಾಗಿ ಮಡಿಸಿ ‘ಈಗ ನೀನೇ ನೋಡು’ ಎನ್ನುವವರೂ ಇದ್ದಾರೆ. ನಿಮಗೆ ಬೇಕಾದವರು ಈ ಮೂರನೆಯವರು. ನಿಮ್ಮೂರಿನ ತರಗತಿಯಲ್ಲಿ ತುಳು, ಮಲಯಾಳ, ಬ್ಯಾರಿ, ಕನ್ನಡ ಎಲ್ಲ ಮನೆಮಾತಿನ ಮಕ್ಕಳೂ ಕೂತಿರುತ್ತಾರೆ. ಮಗು ತುಳುವಿನಲ್ಲಿ ಉತ್ತರ ಕೊಟ್ಟಾಗ ಅದನ್ನು ಎತ್ತಿಕೊಂಡು ಪಾಠದ ಭಾಷೆಗೆ ತರುತ್ತಾರೋ, ಸರಿಯುತ್ತರವನ್ನೂ ಭಾಷೆಯ ನೆಪದಲ್ಲಿ ತಳ್ಳಿಬಿಡುತ್ತಾರೋ ನೋಡಿ.

ಡೆಮೊದಲ್ಲಿ ಕಾಣದ ಎರಡು ಸಂಗತಿಗೆ ಬೇರೆ ದಾರಿ ಬೇಕು. ತಿದ್ದುವ ಕೆಲಸಕ್ಕೆ, ಹೆಸರು ಮುಚ್ಚಿದ ಒಂದು ಉತ್ತರಪತ್ರಿಕೆಯ ನೆರಳಚ್ಚು ಕೊಟ್ಟು ಹತ್ತು ನಿಮಿಷದಲ್ಲಿ ತಿದ್ದಿಸಿ. ತಂದೆತಾಯಿಯರ ಹತ್ತಿರ ಮಾತಾಡುವ ಬಗೆಗೆ, ‘ಮಗುವಿನ ಅಂಕ ಕಡಿಮೆಯಾಯಿತೆಂದು ತಂದೆಯೋ ತಾಯಿಯೋ ಸಿಟ್ಟಿನಿಂದ ಬಂದಿದ್ದ ಒಂದು ಸಲದ ವಿಷಯ ಹೇಳಿ’ ಎಂದು ಕೇಳಿ.

ಪ್ರಶ್ನೆ: ಹೊಸೂರಿನಲ್ಲಿ ವಾಹನ ಬಿಡಿಭಾಗ ಮಾಡುವ ಸಣ್ಣ ಯೂನಿಟ್ ನಮ್ಮದು. ಶಿಫ್ಟ್ ಸೂಪರ್‌ವೈಸರ್ ಮತ್ತು ಕ್ವಾಲಿಟಿ ಇನ್‌ಸ್ಪೆಕ್ಟರ್ ಬೇಕು. ಬೇಕೆಂದೇ ರೇಗಿಸಿ, ಮಾತಿಗೆ ಅಡ್ಡ ಹಾಕಿ, ಒತ್ತಡ ತಡೆಯುತ್ತಾರಾ ನೋಡಬೇಕು ಎನ್ನುವುದು ನಮ್ಮ ಪಾಲುದಾರರ ವಾದ. ಇದು ಸರಿಯೇ?
(ಯೂನಿಟ್ ಮಾಲಿಕರು, ಹೊಸೂರು)

ಉತ್ತರ: ಬೇಡವೇ ಬೇಡ. ಅವಮಾನ ಸಹಿಸುವುದು ಒಂದು, ಮಧ್ಯರಾತ್ರಿ ಉತ್ಪಾದನೆಯ ಲೈನ್ ನಿಂತಾಗ ತಲೆ ಓಡಿಸುವುದು ಇನ್ನೊಂದು. ಮೊದಲನೆಯದನ್ನು ಪರೀಕ್ಷಿಸಿ ಎರಡನೆಯದು ಗೊತ್ತಾಯಿತು ಎಂದುಕೊಂಡರೆ ತಪ್ಪು ಮನುಷ್ಯ ಬರುತ್ತಾನೆ. ಹೊಸೂರಿನಲ್ಲಿ ಕೆಲಸ ಬಲ್ಲವರಿಗೆ ಪಕ್ಕದ ಗೇಟಿನಲ್ಲೂ ಕೆಲಸ ಇದೆ. ರೇಗಿಸಿದರೆ ಅವರು ಎದ್ದು ಹೋಗುತ್ತಾರೆ, ಬೇರೆ ಗತಿಯಿಲ್ಲದವರು ಕೂತಿರುತ್ತಾರೆ. ಜೊತೆಗೆ, ಸೂಪರ್‌ವೈಸರ್ ಆಗಿ ಬಂದವರು ಕೆಳಗಿನವರ ಹತ್ತಿರವೂ ಅದೇ ರೀತಿ ಮಾತಾಡಬೇಕು ಎಂಬ ಸಂದೇಶ ಮೊದಲ ದಿನವೇ ಹೋಗುತ್ತದೆ.

ಸೂಪರ್‌ವೈಸರಿಗೆ ಅನುಭವ ಇರುತ್ತದೆ. ಹಾಗಾಗಿ ನಡೆದದ್ದನ್ನೇ ಕೇಳಿ. ‘ನಿಮ್ಮ ಶಿಫ್ಟಿನಲ್ಲಿ ಲೈನ್ ನಿಂತ ಒಂದು ಸಲದ ವಿಷಯ ಹೇಳಿ. ಮೊದಲ ಹತ್ತು ನಿಮಿಷ ಏನು ಮಾಡಿದಿರಿ?’ ಉತ್ತರದಲ್ಲಿ ‘ನಾವು ಸರಿ ಮಾಡಿದೆವು’ ಎಂದು ಬಂದರೆ ಅಲ್ಲಿಗೇ ಬಿಡಬೇಡಿ. ‘ಅದರಲ್ಲಿ ನಿಮ್ಮ ಕೆಲಸ ಯಾವುದು? ಯಾರಿಗೆ ಮೊದಲು ಹೇಳಿದಿರಿ? ಎಷ್ಟು ಪೀಸ್ ಹಾಳಾಯಿತು? ಮರುದಿನ ಏನು ಬದಲಾಯಿಸಿದಿರಿ?’ ಎಂದು ಒಂದರ ಹಿಂದೆ ಒಂದು ಕೇಳಿ. ಮಾಡಿದವರಿಗೆ ಪೀಸಿನ ಲೆಕ್ಕ, ಮೆಷೀನಿನ ಹೆಸರು, ಸಮಯ ಸಲೀಸಾಗಿ ಬರುತ್ತದೆ. ಪಕ್ಕದಲ್ಲಿ ನಿಂತು ನೋಡಿದವರು ಎರಡನೇ ಪ್ರಶ್ನೆಗೇ ಸಿದ್ಧಾಂತ ಹೇಳಲು ಶುರು ಮಾಡುತ್ತಾರೆ. ನಡೆದದ್ದನ್ನು ಕೇಳುವ ಈ ಕ್ರಮವನ್ನು ಸಂಶೋಧಕ ಟಾಮ್ ಜಾನ್ಸ್ 1982ರಲ್ಲಿ ಬರೆದು ಮುಂದಿಟ್ಟರು. ಸನ್ನಿವೇಶ ಕೊಟ್ಟು ‘ನೀವಾದರೆ ಏನು ಮಾಡುತ್ತೀರಿ’ ಎನ್ನುವ ಕ್ರಮ ಇನ್ನೊಬ್ಬ ಸಂಶೋಧಕ ಗ್ಯಾರಿ ಲೇಥಮ್ ಮತ್ತು ಸಂಗಡಿಗರಿಂದ 1980ರಲ್ಲಿ ಬಂತು. ಹೊಸಬರಿಗೆ ಸನ್ನಿವೇಶ, ಅನುಭವಿಗಳಿಗೆ ನಡೆದ ಘಟನೆ ಎಂದು ಹಂಚಿಕೊಂಡರೆ ಎರಡೂ ಉಪಯೋಗಕ್ಕೆ ಬರುತ್ತವೆ.

ಇನ್‌ಸ್ಪೆಕ್ಟರ್ ಹುದ್ದೆಗೆ ಮಾತು ಇನ್ನೂ ಕಡಿಮೆ ಸಾಕು. ಮೇಜಿನ ಮೇಲೆ ಹತ್ತು ಶಾಫ್ಟ್ (ದುಂಡನೆಯ ಲೋಹದ ದಂಡ), ಒಂದು ಡ್ರಾಯಿಂಗ್, ಒಂದು ವರ್ನಿಯರ್, ಒಂದು 0–25 ಮಿಮೀ ಮೈಕ್ರೋಮೀಟರ್, ಒಂದು ಬಟ್ಟೆ ಇಡಿ. ಡ್ರಾಯಿಂಗಿನಲ್ಲಿ ವ್ಯಾಸ 20 ಮಿಮೀ, ಪ್ಲಸ್ ಮೈನಸ್ 0.05 ಎಂದಿರಲಿ. ಅಂದರೆ 19.95ರಿಂದ 20.05ರ ತನಕ ಪಾಸ್. ಹತ್ತರಲ್ಲಿ ಮೂರು ಹೊರಗಿನವು, ಒಂದು ಸರಿಯಾಗಿ 20.05ರ ಅಂಚಿನಲ್ಲಿರುವುದು ಇರಲಿ. ಮೊದಲು ನೋಡಬೇಕಾದದ್ದು ಯಾವ ಉಪಕರಣಕ್ಕೆ ಕೈ ಹಾಕುತ್ತಾರೆ ಎಂಬುದು. ಒಟ್ಟು ಸಡಿಲಿಕೆ 0.10 ಮಿಮೀ. ಅದರ ಹತ್ತನೇ ಒಂದು ಪಾಲನ್ನಾದರೂ ಉಪಕರಣ ಓದಬೇಕೆಂಬುದು ರೂಢಿಯ ಲೆಕ್ಕ. 0.02 ಓದುವ ವರ್ನಿಯರ್ ಇಲ್ಲಿ ಸಾಲದು, 0.01 ಓದುವ ಮೈಕ್ರೋಮೀಟರ್ ಬೇಕು. ಆಮೇಲೆ, ಮೈಕ್ರೋಮೀಟರಿನ ಅಳೆಯುವ ಮುಖಗಳನ್ನು ಒರೆಸಿ ಸೊನ್ನೆ ಪರೀಕ್ಷಿಸುತ್ತಾರೋ, ಒತ್ತಡ ಹದದಲ್ಲಿಡುವ ರ‍್ಯಾಚೆಟ್ ತಿರುಗಿಸುತ್ತಾರೋ, ಕೈಬಲದಿಂದ ಬಿಗಿಯುತ್ತಾರೋ ನೋಡಿ. ಬಿಗಿದರೆ ಓದು ಕಡಿಮೆ ಬರುತ್ತದೆ, ಹೊರಗಿನ ಪೀಸ್ ಕೂಡ ಪಾಸಾಗುತ್ತದೆ. ಒಂದೇ ಜಾಗದಲ್ಲಿ ಅಳೆದು ಬಿಡುತ್ತಾರೋ, ತಿರುಗಿಸಿ ಎರಡು ಮೂರು ಕಡೆ ನೋಡುತ್ತಾರೋ ಎಂಬುದಕ್ಕೂ ಅಂಕ ಇಡಿ. ಮೊದಲೇ ನಿಮ್ಮವರಿಬ್ಬರಿಂದ ಆ ಹತ್ತನ್ನೂ ಅಳೆಸಿ ಸರಿಯುತ್ತರದ ಪಟ್ಟಿ ಮಾಡಿಕೊಳ್ಳುವುದು ಅಗತ್ಯ. ಅವರಿಬ್ಬರ ಅಳತೆಯೇ ಹೊಂದದಿದ್ದರೆ ಸಂದರ್ಶನ ನಿಲ್ಲಿಸಿ ಉಪಕರಣ ನೋಡಿ.

ಭಾಷೆಯನ್ನು ಅಭ್ಯರ್ಥಿಯೇ ಆರಿಸಲಿ. ಕನ್ನಡವೋ ತಮಿಳೋ ತೆಲುಗೋ, ಲೈನಿನಲ್ಲಿ ಯಾವುದರಲ್ಲಿ ಮಾತಾಡುತ್ತಾರೋ ಅದರಲ್ಲಿ. ಶಿಫ್ಟ್ ರಿಪೋರ್ಟ್ ಇಂಗ್ಲಿಷಿನಲ್ಲಿ ಬೇಕಾದರೆ ಐದು ಸಾಲು ಬರೆಸಿ ನೋಡಿದರೆ ಮುಗಿಯಿತು.

ಪ್ರಶ್ನೆ: ನಾನಿರುವುದು ದುಬೈಯಲ್ಲಿ. ಕುಂಬಳೆಯ ನಮ್ಮ ಸೂಪರ್ ಮಾರ್ಕೆಟನ್ನು ಭಾವ ನೋಡಿಕೊಳ್ಳುತ್ತಾರೆ. ಕ್ಯಾಶಿಯರನ್ನು ವಿಡಿಯೊ ಕಾಲಿನಲ್ಲೇ ಸಂದರ್ಶಿಸಿ ತೆಗೆದುಕೊಳ್ಳಬಹುದೇ?
(ಅನಿವಾಸಿ ಓದುಗರು)

ಉತ್ತರ: ಅರ್ಧ ನೀವು, ಅರ್ಧ ಭಾವ ಮಾಡಿ. ನಗದು ಎಣಿಸುವ ಕೈಯನ್ನು ಫೋನಿನ ತೆರೆಯಲ್ಲಿ ಪರೀಕ್ಷಿಸುವುದಕ್ಕಾಗದು.

ಭಾವನ ಪಾಲು ಕೌಂಟರಿನ ಪರೀಕ್ಷೆ, ಅಂಗಡಿ ಬಿಡುವಿರುವ ಹೊತ್ತಿನಲ್ಲಿ, ಹದಿನೈದು ನಿಮಿಷ. 500ರ ನಾಲ್ಕು, 200ರ ಆರು, 100ರ ಐದು, 50ರ ಮೂರು, 10ರ ಎರಡು ನೋಟು ಬೆರೆಸಿ ಎಣಿಸಲು ಕೊಡಲಿ. 3,870 ಬರಬೇಕು. ‘387 ರೂಪಾಯಿ ಬಿಲ್, ಗಿರಾಕಿ 500ರ ನೋಟಿನ ಜೊತೆ 7 ರೂಪಾಯಿ ಚಿಲ್ಲರೆ ಕೊಟ್ಟರು, ವಾಪಸು ಎಷ್ಟು?’ ಎಂದು ಕೇಳಲಿ. 120 ಎಂದು ಕೂಡಲೇ ಹೇಳುವವರಿಗೆ ಚಿಲ್ಲರೆಯ ಅಭ್ಯಾಸ ಇದೆ. ಗಿರಾಕಿಗಳಲ್ಲಿ ಮಲಯಾಳ, ಕನ್ನಡ, ತುಳು, ಬ್ಯಾರಿ ಮಾತಾಡುವವರೆಲ್ಲ ಇರುವುದರಿಂದ ಯಾವ ಯಾವ ಮಾತಿನಲ್ಲಿ ವ್ಯವಹಾರ ಮಾಡಬಲ್ಲರು ಎಂದು ಮಾತಾಡಿಸಿಯೇ ತಿಳಿಯಲಿ. ಅಂಕವನ್ನು ಬರೆದು, ಅದರ ಫೋಟೊ ತೆಗೆದು, ನಿಮ್ಮ ವಿಡಿಯೊ ಕರೆಗೆ ಮೊದಲೇ ವಾಟ್ಸ್ಆ್ಯಪ್ ಮಾಡಬೇಕು. ‘ನಮ್ಮವನೇ, ಒಳ್ಳೆಯ ಹುಡುಗ’ ಎಂಬ ಮಾತು ಅಂಕದ ಬದಲಿಗೆ ಬರಬಾರದು. ಭಾವನಿಗೆ ಇದನ್ನು ಶುರುವಿನಲ್ಲೇ ಪ್ರೀತಿಯಿಂದ ಹೇಳಿಬಿಡಿ.

ನಿಮ್ಮ ಪಾಲು ಇಪ್ಪತ್ತು ನಿಮಿಷ, ನಾಲ್ಕು ಪ್ರಶ್ನೆ. ದಿನದ ಕೊನೆಗೆ ಪೆಟ್ಟಿಗೆಯಲ್ಲಿ 200 ರೂಪಾಯಿ ಕಡಿಮೆ ಬಂದರೆ ಏನು ಮಾಡುತ್ತೀರಿ, ಪರಿಚಯದವರು ‘ನಾಳೆ ಕೊಡುತ್ತೇನೆ’ ಎಂದು ಸಾಮಾನು ಎತ್ತಿದರೆ ಏನು ಹೇಳುತ್ತೀರಿ, ಇಂಥವು. ಊರಿನ ಗಂಟೆ ದುಬೈಗಿಂತ ಒಂದೂವರೆ ಗಂಟೆ ಮುಂದೆ. ನಿಮ್ಮ ರಾತ್ರಿ ಒಂಬತ್ತು ಅಲ್ಲಿ ಹತ್ತೂವರೆ, ಆ ಹೊತ್ತಿಗೆ ಕರೆ ಮಾಡಬೇಡಿ. ನೆಟ್ ಹೋದರೆ ಮಾಮೂಲಿ ಫೋನಿಗೆ ಬದಲಾಯಿಸುವುದೆಂದು ಮೊದಲೇ ಹೇಳಿ. ಮಾತು ತಡವಾಗಿ ಬಂದದ್ದನ್ನು ಮಂದಬುದ್ಧಿ ಎಂದು, ತೆರೆಯತ್ತ ನೋಡದಿದ್ದುದನ್ನು ಅಪ್ರಾಮಾಣಿಕತೆ ಎಂದು ಲೆಕ್ಕ ಹಾಕುವವರು ಬಹಳ ಜನ. ಕ್ಯಾಮೆರಾ ಇರುವುದು ಫೋನಿನ ಮೇಲ್ತುದಿಯಲ್ಲಿ, ನಿಮ್ಮ ಮುಖ ಕಾಣುವುದು ನಡುವೆ. ನಿಮ್ಮನ್ನೇ ನೋಡುತ್ತಿರುವವರ ಕಣ್ಣು ನಿಮಗೆ ಕೆಳಗಿಳಿದಂತೆ ಕಾಣುತ್ತದೆ. ರೆಕಾರ್ಡ್ ಮಾಡುವುದಾದರೆ ಒಪ್ಪಿಗೆ ಕೇಳಿಯೇ ಮಾಡಿ.

ಪ್ರಶ್ನೆ: ಹಬ್ಬದ ಸೀಸನ್‌ಗೆ ಮೊದಲು ನಮ್ಮ ಜವಳಿ ಅಂಗಡಿಗೆ ಆರು ಜನ ಸೇಲ್ಸ್‌ಗೆ ಬೇಕು. ನಲವತ್ತು ಅರ್ಜಿ ಬಂದಿದೆ. ಎಲ್ಲರನ್ನೂ ಒಟ್ಟಿಗೆ ಕೂರಿಸಿ ಗುಂಪು ಸಂದರ್ಶನ ಮಾಡಬಹುದೇ?
(ಜವಳಿ ವ್ಯಾಪಾರಿ, ಕಾಸರಗೋಡು)

ಉತ್ತರ: ಮಾಡಬಹುದು, ಆದರೆ ಫೋನ್ ಸುತ್ತು ಮುಗಿದ ಮೇಲೆ. ಒಬ್ಬರಿಗೆ ಏಳು ನಿಮಿಷದಂತೆ ನಲವತ್ತು ಜನಕ್ಕೆ 280 ನಿಮಿಷ, ಎರಡು ಮಧ್ಯಾಹ್ನದ ಕೆಲಸ. ಸಂಬಳ ಇಷ್ಟು, ಸಮಯ ಬೆಳಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟು, ನಡುವೆ ಬಿಡುವು ಇಷ್ಟು, ಸೀಸನ್‌ನಲ್ಲಿ ವಾರದ ರಜೆ ಬೇರೆ ದಿನ, ರಾತ್ರಿ ಮನೆಗೆ ಬಸ್ ಇದೆಯೇ ಎಂಬುದನ್ನೆಲ್ಲ ಮೊದಲೇ ಹೇಳಿ ಕೇಳಿ. ಹೊಂದಿಕೆಯಾಗದವರು ಅಲ್ಲೇ ಬಿಟ್ಟುಹೋಗುತ್ತಾರೆ. ಸಂಬಳದ ಮಾತನ್ನು ಕೊನೆಗೆ ಇಟ್ಟರೆ ಎರಡೂ ಕಡೆಯವರ ದಿನ ಹಾಳು.

ಉಳಿದವರನ್ನು ಐದೈದು ಜನರಂತೆ ಕೂರಿಸಿ, ಒಂದೂರಿನ ಗೆಳೆಯರು ಬೇರೆ ಬೇರೆ ಗುಂಪಿಗೆ ಹೋಗಲಿ. ಹನ್ನೆರಡು ಸೀರೆ ಮುಂದಿಟ್ಟು, ‘ಮದುವೆಗೆ ಹೋಗುವ ಅಮ್ಮ, ಮಗಳು, ಅಜ್ಜಿಗೆ ಒಂದೊಂದು, ಒಟ್ಟು 9,000 ರೂಪಾಯಿ ದಾಟಬಾರದು, ಹದಿನೈದು ನಿಮಿಷದಲ್ಲಿ ಸೇರಿ ತೀರ್ಮಾನಿಸಿ’ ಎಂದು ಹೇಳಿ. ಇಬ್ಬರು ದೂರದಿಂದ ನೋಡಲಿ. ಇಲ್ಲಿನ ಅಪಾಯ ಒಂದೇ, ಜೋರು ಧ್ವನಿಯವರು ಗೆದ್ದಂತೆ ಕಾಣುವುದು. ಆದ್ದರಿಂದ ಎಣಿಸಬೇಕಾದ್ದನ್ನು ಮೊದಲೇ ಗೊತ್ತುಮಾಡಿ: ಬೆಲೆ ಕೂಡಿಸಿ ನೋಡಿದವರು ಯಾರು, ಸುಮ್ಮನಿದ್ದವರನ್ನು ಮಾತಿಗೆ ಎಳೆದವರು ಯಾರು, ಬಿಚ್ಚಿದ ಸೀರೆಯನ್ನು ಯಾರೂ ಹೇಳದೆ ಮಡಚಿಟ್ಟವರು ಯಾರು. ಆಮೇಲೆ ಹತ್ತು ಹನ್ನೆರಡು ಜನರನ್ನು ಒಬ್ಬೊಬ್ಬರಾಗಿ ಕರೆದು ಹತ್ತು ನಿಮಿಷ ಮಾತಾಡಿಸಿ. ಗೋದಾಮಿನಲ್ಲಿ ಒಬ್ಬರೇ ಕೆಲಸ ಮಾಡುವವರಿಗೆ, ಲೆಕ್ಕ ಬರೆಯುವವರಿಗೆ ಈ ಗುಂಪಿನ ಕ್ರಮ ಬೇಡ. ಎಲ್ಲ ಕೆಲಸಕ್ಕೂ ಸಂದರ್ಶನವೇ ಬೇಕೆಂದೂ ಇಲ್ಲ. ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಸಂದರ್ಶನ ತೆಗೆದುಹಾಕಿದೆ. ಪರೀಕ್ಷೆಯಿಂದಲೇ ಆಯ್ಕೆ.

ಪ್ರಶ್ನೆ: ಯಾತ್ರಿಕರು ಇಳಿದುಕೊಳ್ಳುವ ಲಾಡ್ಜಿನಲ್ಲಿ ಮ್ಯಾನೇಜರ್ ಆಗಿದ್ದೇನೆ. ರಿಸೆಪ್ಶನ್‌ಗೆ ಬರುವ ಹೆಣ್ಣುಮಕ್ಕಳಿಗೆ ನಮ್ಮ ಯಜಮಾನರು ‘ಮದುವೆ ಯಾವಾಗ, ಮಕ್ಕಳು ಯಾವಾಗ’ ಅಂತ ಕೇಳುತ್ತಾರೆ. ತಡೆಯೋದು ಹೇಗೆ?
(ಓದುಗರು, ಅಕ್ಕಲಕೋಟೆ)

ಉತ್ತರ: ಯಜಮಾನರ ನಿಜವಾದ ಚಿಂತೆ ಏನು ಎಂದು ಮೊದಲು ಕೇಳಿ. ‘ಆರು ತಿಂಗಳಿಗೆ ಬಿಟ್ಟುಹೋದರೆ? ರಾತ್ರಿ ಪಾಳಿಗೆ ಬರದಿದ್ದರೆ?’ ಎಂದೇ ಹೇಳುತ್ತಾರೆ. ಹಾಗಾದರೆ ಅದನ್ನೇ ನೇರವಾಗಿ, ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಕೇಳಿ: ‘ಪಾಳಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತು. ಗುರುವಾರ, ಹುಣ್ಣಿಮೆಗೆ ಜನ ಜಾಸ್ತಿ, ಆ ದಿನ ರಜೆ ಸಿಗುವುದಿಲ್ಲ. ಒಪ್ಪಿಗೆಯೇ?’ ಮದುವೆಯಾಗದ ಹುಡುಗನೂ ಬಿಟ್ಟುಹೋಗುತ್ತಾನೆ, ಎರಡು ಮಕ್ಕಳ ತಾಯಿಯೂ ಹತ್ತು ವರ್ಷ ಇರುತ್ತಾಳೆ.

ಕಾನೂನೂ ನಿಮ್ಮ ಕಡೆಗಿದೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ಹೆಣ್ಣು ಎಂಬ ಕಾರಣಕ್ಕೆ ಭೇದ ಮಾಡಬಾರದೆಂದು 1976ರ ಸಮಾನ ಸಂಭಾವನೆ ಕಾಯ್ದೆ ಹೇಳಿತ್ತು, 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಜಾತಿ, ‘ಯಾರ ಪೈಕಿ’ ಎಂಬ ವಿಚಾರಣೆಯೂ ಬೇಡ, ರಿಸೆಪ್ಶನ್ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ. ಮೂಲ ಪ್ರಮಾಣಪತ್ರ ನೋಡಿ ಹಿಂತಿರುಗಿಸಿ, ಇಟ್ಟುಕೊಳ್ಳಬೇಡಿ. ಯಜಮಾನರ ಕೈಗೆ ಐದು ಪ್ರಶ್ನೆಗಳ ಮುದ್ರಿತ ಹಾಳೆ ಕೊಟ್ಟು, ಅದರಲ್ಲೇ ಅಂಕ ಹಾಕಿಸಿ. ಕೈಯಲ್ಲಿ ಹಾಳೆ ಇದ್ದರೆ ಮಾತು ಅಡ್ಡದಾರಿ ಹಿಡಿಯುವುದು ಕಡಿಮೆ.

ಪ್ರಶ್ನೆ: ಒಂದು ದಿನ ಕೆಲಸ ಮಾಡಿಸಿ ನೋಡಿ ಆಮೇಲೆ ಹೇಳುತ್ತೇವೆ ಎನ್ನುವುದು ಸರಿಯೇ? ಆಯ್ಕೆಯಾಗದವರಿಗೆ ತಿಳಿಸಬೇಕೇ?
(ಬೇಕರಿ ನಡೆಸುವವರು, ಮುಳ್ಳೇರಿಯ)

ಉತ್ತರ: ಒಂದು ಗಂಟೆಯೊಳಗಿನ ಪರೀಕ್ಷೆಗೆ ದುಡ್ಡು ಕೊಡಬೇಕೆಂದಿಲ್ಲ. ಇಡೀ ದಿನ ದುಡಿಸಿದರೆ ಆ ದಿನದ ಸಂಬಳ ಅದೇ ಸಂಜೆ ಕೊಡಿ, ಮೊದಲೇ ಮೊತ್ತ ಹೇಳಿ. ಅವರು ಮಾಡಿದ ಬನ್ನು, ಬ್ರೆಡ್ಡನ್ನು ಮಾರಿ, ಅವರನ್ನು ಪುಕ್ಕಟೆ ಕಳುಹಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಓವನ್, ಮಿಕ್ಸರಿನ ಹತ್ತಿರ ಹೊಸಬರನ್ನು ಒಬ್ಬರೇ ಬಿಡಬೇಡಿ.

ತಿಳಿಸಲೇಬೇಕು, ಮೂರು ದಿನದೊಳಗೆ. ಮುಳ್ಳೇರಿಯದಂಥ ಊರಿನಲ್ಲಿ ಇವತ್ತು ಆಯ್ಕೆಯಾಗದವರು ನಾಳೆ ನಿಮ್ಮ ಗಿರಾಕಿ, ಅವರ ತಮ್ಮ ಮುಂದಿನ ವರ್ಷದ ಅಭ್ಯರ್ಥಿ. ಇಷ್ಟು ಬರೆದರೆ ಸಾಕು: ‘ನಮಸ್ಕಾರ, ಈ ಸಲ ಓವನ್ ಕೆಲಸದಲ್ಲಿ ಹೆಚ್ಚು ಅನುಭವ ಇರುವವರನ್ನು ತೆಗೆದುಕೊಂಡಿದ್ದೇವೆ. ಪ್ಯಾಕಿಂಗಿನಲ್ಲಿ ನಿಮ್ಮ ಕೆಲಸ ಅಚ್ಚುಕಟ್ಟಾಗಿತ್ತು. ಅಲ್ಲಿ ಜಾಗ ಖಾಲಿಯಾದರೆ ಕರೆಯಬಹುದೇ?’ ಕಾರಣ ನಿಜವಾದದ್ದೇ ಇರಲಿ, ಕರೆಯುವ ಉದ್ದೇಶ ಇಲ್ಲದಿದ್ದರೆ ಕೊನೆಯ ಸಾಲು ಬಿಟ್ಟುಬಿಡಿ. ಅಂಕದ ಹಾಳೆಗಳನ್ನು ಆರು ತಿಂಗಳು ಇಟ್ಟುಕೊಳ್ಳಿ. ತೆಗೆದುಕೊಂಡವರ ಕೆಲಸ ಹೇಗಿದೆ ಎಂದು ಅವುಗಳ ಜೊತೆ ಹೋಲಿಸಿ, ಯಾವ ಪ್ರಶ್ನೆ ಏನನ್ನೂ ತಿಳಿಸಲಿಲ್ಲವೋ ಅದನ್ನು ತೆಗೆದುಹಾಕಿ ಮುಂದಿನ ಸಲಕ್ಕೆ ಹೊಸದು ಸೇರಿಸಿ.